ಚಿತ್ರದ ಅಂಚಿನಲ್ಲಿ ಸಿಕ್ಕ ಊರು

ಕೇಳುಗರಿಗೆ ನಮಸ್ಕಾರ.

ಒಬ್ಬ ನಿರ್ದೇಶಕರು ಹಳೆಯ ಸಿನಿಮಾಗಳನ್ನು ಒಂದೊಂದಾಗಿ ಹುಡುಕಿ ತಂದು, ಅವುಗಳ ದೃಶ್ಯಗಳಿಂದ ನಾಯಕನನ್ನು ಅಳಿಸಿದರು. ನಾಯಕಿಯನ್ನೂ ಅಳಿಸಿದರು. ಕಥೆ ಹೋಯಿತು, ಮಾತು ಹೋಯಿತು. ಉಳಿದದ್ದು ಬೀದಿ, ಗೋಡೆ, ಕಿಟಕಿ, ಮೆಟ್ಟಿಲು. ಜೊತೆಗೆ ಹಿಂದೆಲ್ಲೋ ಸುಮ್ನೆ ನಡೆದು ಹೋಗುತ್ತಿದ್ದ ಜನ. ಆ ಉಳಿದದ್ದನ್ನೇ ಜೋಡಿಸಿ ಅವರು ಒಂದು ಪೂರ್ತಿ ಸಿನಿಮಾ ಮಾಡಿದರು. 2015ರಲ್ಲಿ ಬಂದ ಆ ಚಿತ್ರದ ಹೆಸರು 'ರೀಕಲೆಕ್ಷನ್'. ಮಾಡಿದವರು ಕಮಾಲ್ ಅಲ್ಜಾಫರಿ. 1972ರಲ್ಲಿ ರಮ್ಲಾ ಊರಿನಲ್ಲಿ ಹುಟ್ಟಿದ ಪ್ಯಾಲೆಸ್ತೀನಿ. ಅವರ ತಾಯಿಯ ಕಡೆಯವರು ಯಾಫಾದವರು.

ಯಾಫಾ ಮೆಡಿಟರೇನಿಯನ್ ದಡದ ಹಳೆಯ ಬಂದರು, ಈಗ ಇಸ್ರೇಲಿನಲ್ಲಿದೆ. ಅಲ್ಲಿನ ಕಿತ್ತಳೆ ದೂರದ ದೇಶಗಳಿಗೆಲ್ಲ ಹೋಗುತ್ತಿತ್ತು. 1948ಕ್ಕೆ ಮುಂಚೆ ಸುಮಾರು 70,000 ಅರಬರು ಆ ಊರಿನಲ್ಲಿದ್ದರು. ಇಸ್ರೇಲ್ ಹುಟ್ಟಿದ ಆ ವರ್ಷದ ಯುದ್ಧ ಮುಗಿದಾಗ ಉಳಿದವರು ಸುಮಾರು 4,000 ಮಂದಿ. ಒಟ್ಟು ಪ್ಯಾಲೆಸ್ತೀನ್‌ನಲ್ಲಿ ಮನೆ ಕಳೆದುಕೊಂಡವರು ಏಳು ಲಕ್ಷಕ್ಕೂ ಜಾಸ್ತಿ. ನಾನೂರಕ್ಕೂ ಹೆಚ್ಚು ಹಳ್ಳಿಗಳು ಖಾಲಿಯಾದವು. ಪ್ಯಾಲೆಸ್ತೀನಿಯರು ಇದನ್ನು ನಕ್ಬಾ, ಅಂದರೆ ಮಹಾವಿಪತ್ತು, ಅನ್ನುತ್ತಾರೆ. 1950ರಲ್ಲಿ ಇಸ್ರೇಲ್ ಒಂದು ಕಾಯ್ದೆ ತಂದಿತು. ಬಿಟ್ಟುಹೋದವರ ಆಸ್ತಿ ಅದರ ಮೂಲಕ ಸರ್ಕಾರದ ಕೈಗೆ ಬಂತು. ದೇಶ ಬಿಡದೆ ಪಕ್ಕದ ಊರಿಗೆ ಓಡಿದ್ದವರನ್ನೂ ಆ ಕಾಯ್ದೆ ಗೈರುಹಾಜರಾದವರು ಎಂದೇ ಲೆಕ್ಕ ಹಾಕಿತು. ಮನುಷ್ಯ ಅಲ್ಲೇ ಇದ್ದಾನೆ, ಕಾಗದದಲ್ಲಿ ಮಾತ್ರ ಇಲ್ಲ!

ಇದಾದ ಮೇಲೆ ಯಾಫಾಕ್ಕೆ ಸಿನಿಮಾದವರು ಬಂದರು. 1960ರ ದಶಕದಿಂದ ಇಸ್ರೇಲಿನ ತಂಡಗಳು, ಆಮೇಲೆ ಹಾಲಿವುಡ್‌ನವರು. ಅರ್ಧ ಕುಸಿದ ಆ ಬೀದಿಗಳು ಅವರಿಗೆ ಸಿದ್ಧವಾಗಿ ಸಿಕ್ಕ ಸೆಟ್. 1986ರ 'ಡೆಲ್ಟಾ ಫೋರ್ಸ್' ಎಂಬ ಹೊಡೆದಾಟದ ಚಿತ್ರದಲ್ಲಿ ಯಾಫಾ ಬೈರೂತ್ ಆಗಿ ನಟಿಸಿತು. ಆ ಊರಿನಲ್ಲೇ ಬದುಕುತ್ತಿದ್ದ ಅರಬರಿಗೆ ಈ ಕಥೆಗಳಲ್ಲಿ ಜಾಗವಿರಲಿಲ್ಲ. ಆದರೆ ಕ್ಯಾಮೆರಾ ನಾಯಕನನ್ನು ಹಿಡಿಯುವಾಗ ಅವನ ಬೆನ್ನ ಹಿಂದಿನ ಬಾಗಿಲನ್ನೂ ಹಿಡಿಯುತ್ತದೆ. ಆ ಬಾಗಿಲಲ್ಲಿ ನಿಂತ ಹುಡುಗನನ್ನೂ ಹಿಡಿಯುತ್ತದೆ.

ಅಲ್ಜಾಫರಿ ಕೈ ಇಟ್ಟದ್ದು ಇಲ್ಲೇ. ಮುಂದಿದ್ದವರನ್ನು ತೆಗೆದು, ಹಿಂದಿದ್ದವರನ್ನು ಹತ್ತಿರಕ್ಕೆ ಎಳೆದರು. ಹಾಗೆ ಎಳೆದಾಗ ಚಿತ್ರ ಒಡೆಯುತ್ತದೆ, ಕಾಳು ಕಾಳಾಗುತ್ತದೆ, ಮುಖ ಮಸುಕಾಗುತ್ತದೆ. ಅವರು ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಹೀಗೆ ಹುಡುಕುವಾಗ ಅವರಿಗೆ ತಮ್ಮ ಸೋದರಮಾವನೇ ಕಾಣಿಸಿದರಂತೆ, ಯಾರದೋ ಸಿನಿಮಾದ ಹಿನ್ನೆಲೆಯಲ್ಲಿ! ಈ ಚಿತ್ರವನ್ನು ನಾನು ಇಷ್ಟೊಂದು ಹಚ್ಚಿಕೊಂಡಿರುವುದಕ್ಕೆ ಕಾರಣ ಇದೇ. ಮನೆಯ ಫೋಟೊ ಮನೆಯವರ ಬಳಿ ಇಲ್ಲ, ಮನೆ ಕಿತ್ತುಕೊಂಡವರ ಸಿನಿಮಾದಲ್ಲಿ ಇದೆ. ಅದನ್ನು ಹೇಗೆ ವಾಪಸ್ ತರುವುದು? ಕೇಳಿದರೆ ಯಾರೂ ಕೊಡುವುದಿಲ್ಲ. ಅಲ್ಜಾಫರಿ ಕೇಳಲೂ ಇಲ್ಲ, ಸುಮ್ಮನೆ ತೆಗೆದುಕೊಂಡರು.

ಇಂಥ ಸಿನಿಮಾಗಳಿಗೆ 'ಪ್ರಯೋಗಾತ್ಮಕ' ಎಂಬ ಚೀಟಿ ಅಂಟಿಸುತ್ತೇವೆ. ನಮಗೆ ಅರ್ಥವಾಗುವಂಥದ್ದಲ್ಲ ಎಂದು ದೂರ ಇಡುತ್ತೇವೆ. ಅಲ್ವಾ? ಆದರೆ ಇಲ್ಲಿ ಪ್ರಯೋಗ ಶೋಕಿಗೆ ಬಂದದ್ದಲ್ಲ. ಸಾಮಾನ್ಯ ಸಾಕ್ಷ್ಯಚಿತ್ರ ಮಾಡಬೇಕಾದರೆ ಹೋಗಿ ನಿಲ್ಲಲು ಊರು ಬೇಕು, ತೋರಿಸಲು ಹಳೆಯ ರೀಲು ಬೇಕು. ಪ್ಯಾಲೆಸ್ತೀನಿಯರ ಬಳಿ ಎರಡೂ ಇಲ್ಲ. 1982ರಲ್ಲಿ ಇಸ್ರೇಲಿ ಸೇನೆ ಬೈರೂತ್‌ಗೆ ನುಗ್ಗಿದಾಗ ಅಲ್ಲಿನ ಪ್ಯಾಲೆಸ್ತೀನ್ ಸಂಶೋಧನಾ ಕೇಂದ್ರದ ಸಂಗ್ರಹವನ್ನೇ ಹೊತ್ತುಕೊಂಡು ಹೋಯಿತು. ಅಲ್ಜಾಫರಿಯವರು 2024ರಲ್ಲಿ ತೆಗೆದ 'ಎ ಫಿದಾಯಿ ಫಿಲ್ಮ್' ಆ ಲೂಟಿಯ ಬಗ್ಗೆಯೇ ಇದೆ.

ಪ್ಯಾಲೆಸ್ತೀನಿ ನಿರ್ದೇಶಕಿ ರಜಾನ್ ಅಲ್‌ಸಲಾಹ್ ಅವರದ್ದು ಇನ್ನೊಂದು ದಾರಿ. ಅವರ ಅಜ್ಜಿ ಹೈಫಾದವರು, ಅದೂ ಈಗ ಇಸ್ರೇಲಿನಲ್ಲಿರುವ ಊರು. ಮತ್ತೆ ಹೈಫಾ ನೋಡಲು ಅಜ್ಜಿಗೆ ಆಗಲೇ ಇಲ್ಲ. ಮೊಮ್ಮಗಳು 2017ರ ತನ್ನ ಕಿರುಚಿತ್ರದಲ್ಲಿ ಅಜ್ಜಿಯನ್ನು ಗೂಗಲ್ ಸ್ಟ್ರೀಟ್ ವ್ಯೂ, ಅಂದರೆ ಬೀದಿಗಳನ್ನು ಪರದೆಯ ಮೇಲೆ ತೋರಿಸುವ ನಕ್ಷೆ, ಅದರ ಮೂಲಕ ಹೈಫಾಕ್ಕೆ ಕರೆದುಕೊಂಡು ಹೋಗುತ್ತಾಳೆ. ಪಾಸ್‌ಪೋರ್ಟ್ ಬೇಡ, ಗಡಿ ಇಲ್ಲ. ಆದರೆ ಅಲ್ಲಿ ಯಾರನ್ನೂ ಮುಟ್ಟಲಾಗುವುದಿಲ್ಲ, ಮಾತಾಡಿಸಲಾಗುವುದಿಲ್ಲ. ಬಾಣದ ಗುರುತು ತೋರಿಸಿದ ಕಡೆಗೆ ಜಾರುತ್ತಾ ಹೋಗಬೇಕು, ಅಷ್ಟೆ. ಗೂಗಲ್‌ನವರು ಯಾವುದಕ್ಕೋ ಮಾಡಿದ ವಸ್ತು ಒಬ್ಬ ಮುದುಕಿಯ ಊರಿಗೆ ದಾರಿಯಾಯಿತು. ಏಳೇ ನಿಮಿಷದ ಚಿತ್ರ.

ಇವರೆಲ್ಲರಿಗಿಂತ ಮುಂಚೆ, 1980ರ ದಶಕದಲ್ಲಿ, ಪ್ಯಾಲೆಸ್ತೀನಿ ನಿರ್ದೇಶಕ ಮಿಶೆಲ್ ಖ್ಲೇಫಿ ಮಾಲೂಲ್ ಎಂಬ ಹಳ್ಳಿಯ ಬಗ್ಗೆ ಚಿತ್ರ ತೆಗೆದಿದ್ದರು. ನಜರೆತ್ ಪಕ್ಕದ ಹಳ್ಳಿ. 1948ರಲ್ಲಿ ನಾಶವಾಯಿತು, ಮೇಲೆ ಕಾಡು ಬೆಳೆಸಿದರು. ಊರಿನವರಿಗೆ ಆಗ ವರ್ಷಕ್ಕೊಂದು ದಿನ ಅಲ್ಲಿಗೆ ಹೋಗಲು ಅವಕಾಶವಿತ್ತು. ಯಾವ ದಿನ ಗೊತ್ತೇ? ಇಸ್ರೇಲಿನ ಸ್ವಾತಂತ್ರ್ಯೋತ್ಸವದ ದಿನ. ಚಿತ್ರದಲ್ಲಿ ಅವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಗಿಡಮರಗಳ ನಡುವೆ ನಮ್ಮ ಮನೆ ಇಲ್ಲಿತ್ತು ಎಂದು ಮಕ್ಕಳಿಗೆ ತೋರಿಸುತ್ತಾರೆ.

ಕೊನೆಯದಾಗಿ ಒಂದು ಹೊಸ ಚಿತ್ರ. 2001ರಲ್ಲಿ ಅಲ್ಜಾಫರಿ ಗಾಜಾಕ್ಕೆ ಹೋಗಿದ್ದರು, 1989ರಲ್ಲಿ ತಮ್ಮ ಜೊತೆ ಜೈಲಿನಲ್ಲಿದ್ದ ಒಬ್ಬರನ್ನು ಹುಡುಕಿಕೊಂಡು. ಹಸನ್ ಎಂಬ ಸ್ಥಳೀಯರು ದಾರಿ ತೋರಿಸಿದರು. ಆಗ ತೆಗೆದ ಟೇಪುಗಳು ಮರೆತೇ ಹೋಗಿದ್ದವು. ಈಚೆಗೆ ಸಿಕ್ಕವು. 2025ರಲ್ಲಿ ಅವು 'ವಿತ್ ಹಸನ್ ಇನ್ ಗಾಜಾ' ಎಂಬ ಚಿತ್ರವಾಗಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ತೆರೆ ಕಂಡವು. ಅದರಲ್ಲಿ ಮಾರುಕಟ್ಟೆ ಇದೆ, ಕ್ಯಾಮೆರಾ ಕಂಡು ಓಡಿ ಬರುವ ಮಕ್ಕಳಿದ್ದಾರೆ. ಆಗ ಅದು ಯಾರೋ ಪ್ರವಾಸದಲ್ಲಿ ತೆಗೆದ ವಿಡಿಯೊ ಅಷ್ಟೆ. 2023ರ ಅಕ್ಟೋಬರ್‌ನಿಂದ ನಡೆದ ಯುದ್ಧ ಗಾಜಾದ ಬೀದಿಬೀದಿಗಳನ್ನೇ ಅಳಿಸಿಹಾಕಿದ ಮೇಲೆ ಅದರ ತೂಕವೇ ಬೇರೆಯಾಗಿದೆ.

ನಿಮ್ಮ ಊರಿನ ಫಿಲ್ಮ್ ಸೊಸೈಟಿಯಲ್ಲೋ ಚಿತ್ರೋತ್ಸವದಲ್ಲೋ ಇವುಗಳಲ್ಲಿ ಯಾವುದಾದರೂ ಬಂದರೆ ದಯವಿಟ್ಟು ಹೋಗಿ ನೋಡಿ. ಬರದಿದ್ದರೆ ತರಿಸಿ ಎಂದು ಕೇಳಿ. 'ರೀಕಲೆಕ್ಷನ್' ನೋಡುವಾಗ ಮೊದಲ ಹತ್ತು ನಿಮಿಷ ಕಥೆ ಎಲ್ಲಿ ಎಂದು ಹುಡುಕುತ್ತೀರಿ. ಎದ್ದು ಹೋಗಬೇಡಿ, ಕೂತಿರಿ.

ನಮಸ್ಕಾರ.