ಬಾಂಬೆಯ ಕೈದಿ, ಸಿಡ್ನಿಯ ಶಾಸಕ

ಕೇಳುಗರಿಗೆ ನಮಸ್ಕಾರ. ಸಿಡ್ನಿಯ ರಾಜ್ಯ ಗ್ರಂಥಾಲಯದಲ್ಲಿ ಬೆಳ್ಳಿಯ ಲೇಪವಿರುವ ಪುಟ್ಟದೊಂದು ತಗಡಿದೆ. ಸುಮಾರು 1845ರಲ್ಲಿ ಜಾರ್ಜ್ ಗುಡ್‌ಮನ್ ಎಂಬವರು ಅದರ ಮೇಲೆ ಮೂಡಿಸಿದ ಚಿತ್ರವನ್ನು ಆಸ್ಟ್ರೇಲಿಯಾದಲ್ಲಿ ಉಳಿದುಬಂದಿರುವ ಅತಿ ಹಳೆಯ ಛಾಯಾಚಿತ್ರವೆಂದು ಪರಿಗಣಿಸುತ್ತಾರೆ. ಅದರಲ್ಲಿರುವವರು ಡಾಕ್ಟರ್ ವಿಲಿಯಂ ಬ್ಲ್ಯಾಂಡ್. ಆಗ ಅವರು ಸಿಡ್ನಿ ನಗರದ ಚುನಾಯಿತ ಪ್ರತಿನಿಧಿ; ಅದಕ್ಕೂ ಮೂರು ದಶಕಗಳ ಹಿಂದೆ, ನಮ್ಮ ಬಾಂಬೆಯಲ್ಲಿ ಕೊಲೆಯ ಅಪರಾಧಿ.

1789ರಲ್ಲಿ ಲಂಡನ್ನಿನಲ್ಲಿ, ವೈದ್ಯರ ಮಗನಾಗಿ ಹುಟ್ಟಿದ ಬ್ಲ್ಯಾಂಡ್ ಬ್ರಿಟಿಷ್ ನೌಕಾಪಡೆಯ ಶಸ್ತ್ರವೈದ್ಯರಾದರು. 1813ರ ಏಪ್ರಿಲ್‌ನಲ್ಲಿ 'ಹೆಸ್ಪರ್' ಹಡಗು ಬಾಂಬೆಯಲ್ಲಿದ್ದಾಗ, ಅಧಿಕಾರಿಗಳ ಕೋಣೆಯಲ್ಲಿ ಮಾತಿಗೆ ಮಾತು ಬೆಳೆದು, ಹಡಗಿನ ಲೆಕ್ಕ ಮತ್ತು ಸಾಮಗ್ರಿ ನೋಡಿಕೊಳ್ಳುತ್ತಿದ್ದ ರಾಬರ್ಟ್ ಕೇಸ್ ಅವರೊಡನೆ ಪಿಸ್ತೂಲು ಹಿಡಿದು ದ್ವಂದ್ವಕ್ಕೆ ನಿಂತರು. ಕೇಸ್ ಸತ್ತರು. ಬ್ಲ್ಯಾಂಡ್ ಅವರಿಗೆ ಏಳು ವರ್ಷದ ಗಡಿಪಾರಾಯಿತು. ನಮ್ಮ ಹಿರಿಯರು ಹೇಳುತ್ತಿದ್ದ ಕರಿನೀರಿನ ಶಿಕ್ಷೆಯಂಥದೇ ಇದು, ದಿಕ್ಕು ಮಾತ್ರ ಆಸ್ಟ್ರೇಲಿಯಾ.

1814ರಲ್ಲಿ ಸಿಡ್ನಿ ತಲುಪಿದ ಕೈದಿಯನ್ನು ಸರ್ಕಾರ ಮಾನಸಿಕ ರೋಗಿಗಳ ಆಸ್ಪತ್ರೆಯ ಕೆಲಸಕ್ಕೆ ಹಾಕಿತು. ವೈದ್ಯರಿಗೆ ಬರವಿದ್ದ ವಸಾಹತು ಅದು. ಮರುವರ್ಷವೇ ಕ್ಷಮಾದಾನ ಸಿಕ್ಕಿತು. ಆದರೆ ನಾಲಿಗೆ ಸುಮ್ಮನಿರಲಿಲ್ಲ. ಗವರ್ನರ್ ಮೆಕ್ವಾರಿಯನ್ನು ಗೇಲಿ ಮಾಡಿ ಪದ್ಯ ಬರೆದು 1818ರಲ್ಲಿ ಮತ್ತೆ ಒಂದು ವರ್ಷ ಜೈಲು ಕಂಡರು. ಹೊರಬಂದ ಮೇಲೆ ದಶಕಗಳ ಕಾಲ ಅನಾಥಾಶ್ರಯದ ಬಡರೋಗಿಗಳನ್ನು ಬಿಡಿಗಾಸು ಪಡೆಯದೆ ನೋಡಿದರು. ಈ ಮನುಷ್ಯನ ಬೆಲೆ ನನಗೆ ತಿಳಿಯುವುದು ಶಾಸನಸಭೆಯಲ್ಲಿ ಆಡಿದ ಮಾತಿಗಿಂತ ಹೆಚ್ಚಾಗಿ ಅಲ್ಲಿ.

ಶಿಕ್ಷೆ ಮುಗಿಸಿದವರಿಗೂ ನಾಗರಿಕರ ಹಕ್ಕು ಬೇಕು, ವಸಾಹತನ್ನು ಜನರ ಪ್ರತಿನಿಧಿಗಳು ಆಳಬೇಕು ಎಂಬುದು ಅವರ ವಾದ. 1835ರಲ್ಲಿ ಹುಟ್ಟಿದ ಆಸ್ಟ್ರೇಲಿಯನ್ ಪೇಟ್ರಿಯಾಟಿಕ್ ಅಸೋಸಿಯೇಷನ್ನಿನ ಪರವಾಗಿ ಲಂಡನ್ನಿನ ಸಂಸದರಿಗೆ ಪತ್ರದ ಮೇಲೆ ಪತ್ರ ಬರೆದರು. ಕೊನೆಗೆ 1843ರಲ್ಲಿ, ಸಿಡ್ನಿ ಸೇರಿದ್ದ ನ್ಯೂ ಸೌತ್ ವೇಲ್ಸ್ ವಸಾಹತಿನ 36 ಸದಸ್ಯರ ಶಾಸನ ಪರಿಷತ್ತಿನ 24 ಸ್ಥಾನಗಳಿಗೆ ಮೊದಲ ಚುನಾವಣೆ ನಡೆದಾಗ, ಸಿಡ್ನಿಯ ಮತದಾರರು ವಸಾಹತಿನ ಹೆಸರಾಂತ ರಾಜಕಾರಣಿ ವಿಲಿಯಂ ವೆಂಟ್‌ವರ್ತ್ ಅವರ ಜೊತೆಗೆ ಈ ಹಳೆಯ ಕೈದಿಯನ್ನೂ ಆರಿಸಿದರು. ಆಸ್ತಿ ಅಥವಾ ಬಾಡಿಗೆಯ ಲೆಕ್ಕದಲ್ಲಿ ಅರ್ಹರಾದ ಗಂಡಸರಿಗೆ ಮಾತ್ರ ಮತವಿತ್ತೆಂಬುದನ್ನೂ ಹೇಳಬೇಕು.

1848ರಲ್ಲಿ ಸೋತರು. ಮರುವರ್ಷ ವಿಶ್ವವಿದ್ಯಾಲಯ ಸ್ಥಾಪಿಸುವ ಮಸೂದೆ ಬಂದಾಗ, ಅದರ ಆಡಳಿತ ಮಂಡಳಿಗೆ ಸೂಚಿಸಿದ್ದ ಅವರ ಹೆಸರಿಗೆ ಹಳೆಯ ಶಿಕ್ಷೆಯ ನೆಪದಲ್ಲಿ ಆಕ್ಷೇಪ ಬಂತು. 1851ರ ಹೊತ್ತಿಗೆ ಅವರು ಉಗಿಯಂತ್ರದಿಂದ ಹಾರುವ ಹಡಗಿನ ನಕ್ಷೆ ಬರೆಯುತ್ತಿದ್ದರು. ಸಿಡ್ನಿಯಿಂದ ಲಂಡನ್ನಿಗೆ ಒಂದು ವಾರದೊಳಗೆ ತಲುಪುವ ಹಂಬಲ! ಅದು ಹಾರಲಿಲ್ಲ. 1861ರಲ್ಲಿ ದಿವಾಳಿಯಾದರು. 1868ರ ಜುಲೈನಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು.