ಮಳೆಗಾಲದಲ್ಲಿ ಬಿಗಿಯುವ ಮರದ ಖಾನೆ

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಒಂದು ತಕರಾರು ಇದ್ದದ್ದೇ. ಮೇಜಿನ ಖಾನೆ ಎಳೆದರೆ ಬರುವುದಿಲ್ಲ. ಹೇಗೋ ಬಂದರೆ ಮತ್ತೆ ಒಳಗೆ ಹೋಗುವುದಿಲ್ಲ. ಹೊಲಿಗೆ ಯಂತ್ರದ ಪಕ್ಕದ ಪುಟ್ಟ ಖಾನೆ, ಅಂಗಡಿಯ ಗಲ್ಲಾಪೆಟ್ಟಿಗೆ, ಗ್ರಂಧಿಗೆ ಅಂಗಡಿಯಲ್ಲಿ ಬೇರು ನಾರು ತುಂಬಿಡುವ ಸಾಲು ಖಾನೆಗಳು, ಎಲ್ಲದರದ್ದೂ ಇದೇ ಪಾಡು. ಆಗ ಜೋರಾಗಿ ಜಗ್ಗಬೇಡಿ. ಹಿಡಿ ಕಿತ್ತು ಬರುತ್ತದೆ, ಮುಂದಿನ ಹಲಗೆಯ ಬೆಸುಗೆ ಸಡಿಲವಾಗುತ್ತದೆ. ಕೀಸುಳಿ ಹಿಡಿದು ಸಿಕ್ಕಲ್ಲಿ ಕೀಸಲೂ ಬೇಡಿ. ಖಾನೆ ಎಲ್ಲಿ ಹಿಡಿಯುತ್ತಿದೆ, ಯಾಕೆ ಹಿಡಿಯುತ್ತಿದೆ ಅಂತ ಮೊದಲು ನೋಡಬೇಕು.

ಮರ ಗಾಳಿಯ ತೇವ ಕುಡಿಯುತ್ತದೆ, ಒಣಗಾಳಿಯಲ್ಲಿ ಬಿಟ್ಟುಕೊಡುತ್ತದೆ. ಕಡಿದು ಎಷ್ಟೇ ವರ್ಷವಾಗಿರಲಿ, ಈ ಗುಣ ಹೋಗುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಮರದೊಳಗಿನ ತೇವ ಅದರ ಒಣತೂಕದ ನೂರಕ್ಕೆ 6-7ರಷ್ಟಕ್ಕೆ ಇಳಿಯಬಹುದು. ಅದೇ ಮರ ಮಂಗಳೂರಿನ ಜುಲೈ ತಿಂಗಳಲ್ಲಿ ನೂರಕ್ಕೆ 18ಕ್ಕೂ ಏರಬಹುದು. ಹಾಗೆ ತೇವ ಏರಿದಾಗ 15 ಸೆಂಟಿಮೀಟರ್ ಅಗಲದ ತೇಗದ ಹಲಗೆ, ಅದನ್ನು ಸೀಳಿದ ರೀತಿಯನ್ನು ನೋಡಿಕೊಂಡು, ಒಂದೂವರೆಯಿಂದ 3 ಮಿಲಿಮೀಟರ್‌ವರೆಗೆ ಉಬ್ಬುತ್ತದೆ. ತೇಗವೇ ಇಷ್ಟು! ಮರಗಳಲ್ಲಿ ಕಡಿಮೆ ಆಡುವ ಮರ ಅದು.

ಆದರೆ ಈ ಉಬ್ಬು ಮರದ ಎಳೆಗೆ, ಅಂದರೆ ಮರದ ಉದ್ದಕ್ಕೂ ಸಾಗುವ ನಾರಿನ ಗೆರೆಗಳಿಗೆ, ಅಡ್ಡಲಾಗಿ ಮಾತ್ರ. ಎಳೆಯ ಉದ್ದಕ್ಕೆ ಮರ ಬೆಳೆಯುವುದು ಗಮನಕ್ಕೂ ಬಾರದಷ್ಟು ಕಡಿಮೆ. ಖಾನೆಯ ಮುಂದಿನ ಹಲಗೆಯ ಎಳೆ ಎಡದಿಂದ ಬಲಕ್ಕೆ, ಪಕ್ಕದ ಹಲಗೆಗಳ ಎಳೆ ಮುಂದಿನಿಂದ ಹಿಂದಕ್ಕೆ ಇರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಖಾನೆ ಬೆಳೆಯುವುದು ಮೇಲಕ್ಕೆ. ಇದು ತಿಳಿಯದೆ ಎಷ್ಟೋ ಜನ ಪಕ್ಕದ ಹಲಗೆಗಳನ್ನು ಕೀಸಿ ಖಾನೆಯನ್ನೇ ಕೆಡಿಸುತ್ತಾರೆ. ಬೇಸಿಗೆ ಬಂದಾಗ ಅದು ಗೂಡಿನೊಳಗೆ ಲೊಡಲೊಡ ಅಲ್ಲಾಡುತ್ತದೆ.

ಇನ್ನು ತಳದ ಹಲಗೆ. ಅದನ್ನು ನಾಲ್ಕೂ ಕಡೆ ಅಂಟು ಹಾಕಿ ಮೊಳೆ ಹೊಡೆದಿದ್ದರೆ, ಅದು ಉಬ್ಬಿದಾಗ ಪಕ್ಕಗಳನ್ನು ಹೊರಗೆ ತಳ್ಳುತ್ತದೆ. ತಿಳಿದ ಬಡಗಿಗಳು ತಳವನ್ನು ಗಾಡಿಯಲ್ಲಿ, ಅಂದರೆ ಮುಂದೆ ಮತ್ತು ಎರಡೂ ಪಕ್ಕ ತೋಡಿದ ಸಣ್ಣ ಕಾಲುವೆಯಲ್ಲಿ, ಅಂಟಿಲ್ಲದೆ ಕೂರಿಸುತ್ತಾರೆ. ಎಳೆಯನ್ನು ಎಡಬಲಕ್ಕೆ ಇಟ್ಟು, ಹಿಂದೆ ಮಾತ್ರ ಒಂದೆರಡು ಮೊಳೆ ಹೊಡೆಯುತ್ತಾರೆ. ಆಗ ಉಬ್ಬು ಪಕ್ಕಗಳನ್ನು ತಳ್ಳದೆ ಹಿಂದೆ ಮುಂದೆ ಸರಿದು ಹೋಗುತ್ತದೆ. ಹೊಸ ಮೇಜು ಮಾಡಿಸುವವರು ಇದೊಂದನ್ನು ಕೇಳಿ ನೋಡಿ. ತಳ ಪ್ಲೈವುಡ್ಡಿನದಾದರೆ ಈ ಚಿಂತೆ ಇಲ್ಲ.

ಬೇಸಿಗೆಯಲ್ಲೂ ಬಿಗಿಯುವ ಖಾನೆಗೆ ಬೇರೆ ಕಾರಣ ಇರಬಹುದು. ಅಗಲ ಜಾಸ್ತಿ, ಆಳ ಕಡಿಮೆ ಇರುವ ಖಾನೆಯನ್ನು ಒಂದು ತುದಿ ಹಿಡಿದು ಎಳೆದರೆ ಅದು ಓರೆಯಾಗಿ ಕಚ್ಚಿಕೊಳ್ಳುತ್ತದೆ. ಹೊರಗೆ ಬಂದಷ್ಟೂ ಒಳಗೆ ಉಳಿದ ಭಾಗ ಕಡಿಮೆ, ಅದಕ್ಕೇ ಮುಕ್ಕಾಲು ಎಳೆದ ಮೇಲೆ ಈ ಕಾಟ ಹೆಚ್ಚು. ಎರಡು ಹಿಡಿ ಇದ್ದರೆ ಎರಡೂ ಕೈ ಹಾಕಿ ಎಳೆಯಿರಿ. ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳ ಕಾರ್ಡು ಜೋಡಿಸಿಡುವ ಖಾನೆಗಳನ್ನು ನೆನಪಿಸಿಕೊಳ್ಳಿ. ಅಗಲ ಒಂದು ಗೇಣಿನೊಳಗೆ, ಉದ್ದ ಅದರ ಎರಡು ಪಟ್ಟಿಗೂ ಜಾಸ್ತಿ. ಒಂದು ಬೆರಳಲ್ಲಿ ಎಳೆದರೂ ನೆಟ್ಟಗೆ ಬರುತ್ತಿದ್ದವು.

ಹಿಡಿಯುವ ಜಾಗ ಹುಡುಕುವುದು ಸುಲಭ. ಖಾನೆ ಹೊರಗೆ ತೆಗೆದು, ಅದರ ಅಂಚುಗಳಿಗೆ ಬಣ್ಣದ ಸೀಮೆಸುಣ್ಣ ಉಜ್ಜಿ, ಒಮ್ಮೆ ಒಳಗೆ ತಳ್ಳಿ ಹೊರಗೆ ಎಳೆಯಿರಿ. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲೇ ತಿಕ್ಕಾಟ. ಹಲವು ಖಾನೆಗಳನ್ನು ಒಟ್ಟಿಗೆ ತೆಗೆಯುವುದಾದರೆ ಹಿಂಬದಿಗೆ ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆಯಿರಿ. ಕೈಯಲ್ಲಿ ಮಾಡಿದ ಖಾನೆ ತನ್ನ ಗೂಡಿಗೆ ಮಾತ್ರ ಸರಿಯಾಗಿ ಕೂರುತ್ತದೆ. ಪೂರ್ತಿ ಸಿಕ್ಕಿಬಿದ್ದಿದ್ದರೆ ಮೇಲಿನ ಖಾನೆ ತೆಗೆದು, ಆ ಜಾಗದಿಂದ ಕೈ ಹಾಕಿ ಹಿಂದಿನಿಂದ ಮೆಲ್ಲಗೆ ತಳ್ಳಿ. ಹೊರಬಂದ ಖಾನೆಯನ್ನು ಬಿಸಿಲಿಗೆ ಇಡಬೇಡಿ, ಸೀಳು ಬಿಡುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಕೆಲವು ದಿನ ಇದ್ದರೆ ಸಾಕು.

ಈಗ ಮೇಣ. ಬಿಳಿ ಮೇಣದಬತ್ತಿಯನ್ನು ಖಾನೆಯ ಕೆಳ ಅಂಚಿಗೆ, ಅದು ಓಡುವ ಪಟ್ಟಿಗೆ, ಪಕ್ಕಗಳಿಗೆ ಗಟ್ಟಿಯಾಗಿ ಉಜ್ಜಿ, ಬಟ್ಟೆಯಿಂದ ಒರೆಸಿ. ಜೇನುಮೇಣವೂ ಆಗುತ್ತದೆ, ಆದರೆ ಸ್ವಲ್ಪ ಅಂಟು ಜಾಸ್ತಿ. ಎಣ್ಣೆ ಮಾತ್ರ ಬೇಡವೇ ಬೇಡ. ಮರ ಅದನ್ನು ಕುಡಿಯುತ್ತದೆ, ಮೇಲೆ ಧೂಳು ಕೂತು ಜಿಡ್ಡಾಗುತ್ತದೆ. ಸಾಬೂನು ಉಜ್ಜಿದರೆ ಒಣ ಊರಿನಲ್ಲಿ ನಡೆಯುತ್ತದೆ, ಮಳೆಯ ಊರಿನಲ್ಲಿ ಅದೇ ತೇವ ಹಿಡಿದು ಲೋಳೆಯಾಗುತ್ತದೆ. ಕೇರಂ ಪೌಡರ್ ಉದುರಿ ಕೆಳಗಿನ ಖಾನೆಯ ಬಟ್ಟೆಬರೆಗೆಲ್ಲ ಮೆತ್ತಿಕೊಳ್ಳುತ್ತದೆ. ಪಟ್ಟಿಗಳಿಗೆ ವಾರ್ನಿಶ್ ಹಚ್ಚುವುದೂ ತಪ್ಪು. ಸೆಖೆಗೆ ಮೆತ್ತಗಾಗಿ ಕಚ್ಚಿಕೊಳ್ಳುತ್ತದೆ.

ಮೇಣ ಹಚ್ಚಿದರೂ ಮಳೆಗಾಲದಲ್ಲಿ ತೀರಾ ಬಿಗಿಯಾಗಿದ್ದರೆ, ಮೇಲಿನ ಅಂಚನ್ನು ಉಜ್ಜು ಕಾಗದದಿಂದ ಸ್ವಲ್ಪವೇ ತೆಗೆಯಿರಿ. ಕೀಸುವ ಕೆಲಸವನ್ನು ಮಳೆ ನಿಂತು ಮರ ಒಣಗುವವರೆಗೆ ತಡೆದು ನೋಡಿ. ಬೇಸಿಗೆಯಲ್ಲಿ ಹೊಸ ಖಾನೆ ಮಾಡಿಸುವಾಗ ಮಾತ್ರ ಮೇಲೆ 2-3 ಮಿಲಿಮೀಟರ್ ಸಂದು ಬಿಡಿಸಿ. ಬಡಗಿ "ಸಂದು ಕಾಣುತ್ತೆ" ಅಂದರೂ ಬಿಡಿಸಿ.

ಹಳೆಯ ಖಾನೆಯ ಕೆಳ ಅಂಚು ಸವೆದು ಗುಳಿಬಿದ್ದಿದ್ದರೆ ಮೇಣದಿಂದ ಆಗುವುದಿಲ್ಲ. ಸವೆದಷ್ಟನ್ನು ನೇರವಾಗಿ ತೆಗೆದು, ಹೊನ್ನೆಯಂಥ ಗಟ್ಟಿ ಮರದ ತೆಳು ಪಟ್ಟಿ ಅಂಟಿಸಬೇಕು. ಪುಟ್ಟ ಖಾನೆಗೆ ಸ್ಟೀಲ್ ಚಾನೆಲ್, ಅಂದರೆ ಖಾನೆ ಜಾರುವ ಲೋಹದ ಹಳಿ, ಹಾಕಿಸುವ ಮೊದಲು ಲೆಕ್ಕ ಹಾಕಿ. ಮಾಮೂಲಿ ಚಾನೆಲ್‌ಗೆ ಪ್ರತಿ ಪಕ್ಕಕ್ಕೆ ಅರ್ಧ ಇಂಚು ಜಾಗ ಬೇಕು. 6 ಇಂಚಿನ ಖಾನೆಯಲ್ಲಿ ಒಂದು ಇಂಚು ಹೋದರೆ ಉಳಿಯುವುದೆಷ್ಟು? ಅದರ ಬದಲು ಆ ಪಟ್ಟಿ ಅಂಟಿಸಿ, ಮೇಲೆ ಮೇಣ ಉಜ್ಜಿಸಿ. ಒಬ್ಬ ಬಡಗಿಗೆ ಅರ್ಧ ದಿನದ ಕೆಲಸ ಅಷ್ಟೇ.

ನಮಸ್ಕಾರ.