ಮಿಲ್ ಹೋಯಿತು, ಕಾಂಪೌಂಡ್ ಗೋಡೆ ಉಳಿಯಿತು

ಇದು ಮುಂಬೈನ ಲೋವರ್ ಪರೇಲ್. ಇಲ್ಲಿ ಎದ್ದು ಕಾಣುವ ಚಿಮಣಿ ಫೀನಿಕ್ಸ್ ಮಿಲ್‌ದು. ಮಿಲ್ ಈಗ ಮಾಲ್ ಆಗಿದೆ, ಚಿಮಣಿಯನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಫೋಟೋಗೆ ಚೆನ್ನಾಗಿರುತ್ತದೆ ಅಲ್ವಾ.

ಈ ಸುತ್ತಮುತ್ತೆಲ್ಲಾ ಗಿರಣಗಾಂವ್, ಅಂದರೆ ಬಟ್ಟೆ ಗಿರಣಿಗಳ ಊರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಅದಾದ ಮೇಲೆ ಎಷ್ಟೋ ಮಿಲ್‌ಗಳು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಉಳಿದದ್ದು ನಗರದ ನಟ್ಟನಡುವೆ ಸುಮಾರು 600 ಎಕರೆ ಜಾಗ.

1991ರಲ್ಲಿ ಒಂದು ನಿಯಮ ಬಂತು. ಮಿಲ್ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾದರೆ ಮೂರು ಪಾಲು ಮಾಡಬೇಕು: ಮೈದಾನ, ಪಾರ್ಕಿಗೆ ಒಂದು ಪಾಲು, ಸಾಮಾನ್ಯ ಜನರ ಮನೆಗಳಿಗೆ ಒಂದು, ಮಾಲೀಕರಿಗೆ ಒಂದು. ಓದಲು ಎಷ್ಟು ಚೆಂದ! 2001ರಲ್ಲಿ ಅದನ್ನು ತಿದ್ದಿದರು. ಶೆಡ್ ಇರುವ ಜಾಗ ಲೆಕ್ಕಕ್ಕಿಲ್ಲ, ಖಾಲಿ ಇರುವಷ್ಟನ್ನು ಮಾತ್ರ ಪಾಲು ಮಾಡಿದರೆ ಸಾಕು ಅಂತ. ಮಿಲ್ ಅಂದರೆ ಶೆಡ್ಡೇ ತಾನೆ, ಅದರಲ್ಲಿ ಖಾಲಿ ಜಾಗ ಎಷ್ಟಿರುತ್ತದೆ? ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, 2006ರಲ್ಲಿ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಮಿಲ್ ಜಾಗದಲ್ಲಿ ಇಷ್ಟೆತ್ತರದ ಕಟ್ಟಡಗಳು ಯಾಕೆ ಬೇಕಿತ್ತು ಅಂತ ಸುಮಾರು ಜನ ಬೈಯುತ್ತಾರೆ. ನನಗೆ ಎತ್ತರದ ಮೇಲೆ ಸಿಟ್ಟಿಲ್ಲ. ಪಕ್ಕದಲ್ಲೇ ಲೋಕಲ್ ರೈಲು ಇರುವ ಕಡೆ ಒತ್ತೊತ್ತಾಗಿ ಕಟ್ಟದೆ ಇನ್ನೆಲ್ಲಿ ಕಟ್ಟುತ್ತಾರೆ ಹೇಳಿ. ನನ್ನ ತಕರಾರು ದಾರಿಗಳದ್ದು. ಮಿಲ್ ಇದ್ದಾಗ ಸುತ್ತ ಗೋಡೆ ಇತ್ತು, ಪಾಳಿಗೆ ಬರುವವರು ಗೇಟಿನಲ್ಲಿ ಒಳಗೆ ಬಂದು ಅದೇ ಗೇಟಿನಲ್ಲಿ ಹೊರಗೆ ಹೋಗುತ್ತಿದ್ದರು, ಹಾಗಾಗಿ ಮಧ್ಯದಲ್ಲಿ ರಸ್ತೆ ಹಾಯುವ ಅಗತ್ಯವೇ ಇರಲಿಲ್ಲ. ಆಮೇಲೆ ಒಬ್ಬೊಬ್ಬ ಮಾಲೀಕ ತನ್ನ ಗೋಡೆಯೊಳಗೆ ತನಗೆ ಬೇಕಾದ್ದು ಕಟ್ಟಿಕೊಂಡ. ಗೋಡೆ ಹಾಗೇ ಇದೆ, ವಾಚ್‌ಮನ್ ಯೂನಿಫಾರ್ಮ್ ಬದಲಾಗಿದೆ ಅಷ್ಟೆ. ಆಫೀಸಿಗೆ ಬರುವ ಅಷ್ಟೂ ಜನ ಮಿಲ್ ಕಾಲದ ಅದೇ ಗಲ್ಲಿಗಳಲ್ಲಿ, ಅದೇ ಮೇಲ್ಸೇತುವೆಗಳ ಮೇಲೆ ನುಗ್ಗಬೇಕು. 2017ರ ಸೆಪ್ಟೆಂಬರ್ 29ರಂದು ಇಲ್ಲೇ ಹತ್ತಿರದ ಎಲ್ಫಿನ್‌ಸ್ಟನ್ ರೋಡ್ (ಈಗಿನ ಪ್ರಭಾದೇವಿ) ಸ್ಟೇಷನ್ನಿನ ಇಕ್ಕಟ್ಟಾದ ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ಮಳೆ ಬರುತ್ತಿತ್ತು, ಕೆಳಗಿಳಿಯದೆ ಜನ ಅಲ್ಲೇ ನಿಂತಿದ್ದರು. ಆಮೇಲೆ ಸೈನ್ಯ ಬಂದು ಹೊಸ ಸೇತುವೆ ಕಟ್ಟಿಕೊಟ್ಟಿತು.

ಲಂಡನ್ನಿನ ಕಿಂಗ್ಸ್ ಕ್ರಾಸ್ ನೋಡಿ. ಅದೂ ಇಂಥದ್ದೇ ಹಳೆಯ ಜಾಗ, ರೈಲ್ವೆ ಗೂಡ್ಸ್ ಯಾರ್ಡ್, 67 ಎಕರೆ. ಅಲ್ಲಿ ಜಾಗವನ್ನು ಚೂರು ಚೂರು ಮಾಡದೆ ಒಟ್ಟಿಗೇ ನಕ್ಷೆ ಹಾಕಿದರು: 20 ಹೊಸ ಬೀದಿ, ಮತ್ತೆ ಸುಮಾರು 26 ಎಕರೆ ಬಯಲು. 1852ರ ಧಾನ್ಯದ ಗೋದಾಮಿಗೆ 2011ರಲ್ಲಿ ಕಲಾ ಕಾಲೇಜು ಬಂತು. ಗ್ಯಾಸ್ ಟ್ಯಾಂಕಿನ ಕಬ್ಬಿಣದ ಚೌಕಟ್ಟಿನೊಳಗೆ ಫ್ಲ್ಯಾಟ್ ಕಟ್ಟಿದ್ದಾರೆ (ಬೆಲೆ ಕೇಳಬೇಡಿ). ಎಲ್ಲಾ ಸರಿ ಇದೆ ಅಂತಲ್ಲ. ಆ ಬೀದಿಗಳು ಖಾಸಗಿಯವರದ್ದು, ಅಲ್ಲಿ ನಡೆದಾಡುವವರ ಮುಖ ಗುರುತಿಸುವ ಕ್ಯಾಮೆರಾ ಹಾಕಿದ್ದರು ಅಂತ 2019ರಲ್ಲಿ ದೊಡ್ಡ ಗಲಾಟೆಯೇ ಆಯಿತು. ಆದರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೇರ ನಡೆದು ಹೋಗಬಹುದು.

ಇಲ್ಲಿ ಕಟ್ಟಿದ್ದನ್ನು ಈಗ ಕೆಡವಲು ಆಗುವುದಿಲ್ಲ, ನಿಜ. ಆದರೆ ಅಕ್ಕಪಕ್ಕದ ಎರಡು ಕಾಂಪೌಂಡುಗಳ ನಡುವಿನ ಗೋಡೆ ಒಡೆದು ನಡೆಯುವವರಿಗೊಂದು ದಾರಿ ಬಿಡಲು ಯಾವ ಟವರನ್ನೂ ಮುಟ್ಟಬೇಕಾಗಿಲ್ಲ. ಬೇಕಾಗಿರುವುದು ಎರಡೂ ಕಾಂಪೌಂಡಿನವರ ಒಪ್ಪಿಗೆ, ಅದನ್ನು ಕೇಳುವಷ್ಟು ಹಟ ಇರುವ ಪಾಲಿಕೆ.